ಡೊಮಿನಿಕಾದಲ್ಲಿ ಒಂದು ದಿನ: ನಾಲ್ಕು ಜಾಗ ಬೇಡ, ಒಂದು ಕಣಿವೆ ಸಾಕು

ಪ್ರಶ್ನೆ: ನಾವಿರುವುದು ನ್ಯೂಜೆರ್ಸಿಯಲ್ಲಿ. ಫೆಬ್ರವರಿಯಲ್ಲಿ ಪೋರ್ಟೊ ರಿಕೊದ ಸಾನ್ ಹ್ವಾನ್‌ನಿಂದ ಹೊರಡುವ ಕೆರಿಬಿಯನ್ ಕ್ರೂಸ್‌ಗೆ ಟಿಕೆಟ್ ಮಾಡಿಸಿದ್ದೇವೆ. ಹಡಗು ಡೊಮಿನಿಕಾದ ರೋಸೋದಲ್ಲಿ ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ ನಿಲ್ಲುತ್ತದೆ. ನಾನು, ನಮ್ಮ ಯಜಮಾನರು, 11 ವರ್ಷದ ಮಗಳು, ಜೊತೆಗೆ ಮೈಸೂರಿನಿಂದ ಬಂದಿರುವ 68 ವರ್ಷದ ಅತ್ತೆ. ಅತ್ತೆಗೆ ಮಂಡಿ ನೋವು. ಯಜಮಾನರಿಗೆ ಬಾಯ್ಲಿಂಗ್ ಲೇಕ್ ನೋಡಲೇಬೇಕಂತೆ. ಮಗಳಿಗೆ ತಿಮಿಂಗಿಲ. ನನಗೆ ಕಾಡು, ಜಲಪಾತ, ಹಕ್ಕಿ. ಅಂಗಡಿ, ಬೀಚು ಯಾರಿಗೂ ಬೇಡ. ಹಡಗಿನವರ ಟೂರ್ ದುಬಾರಿ ಅನ್ನಿಸುತ್ತಿದೆ. ನಾವೇ ಟ್ಯಾಕ್ಸಿ ಮಾಡಿಕೊಂಡು ಹೋಗಬಹುದಾ? ನಾವು ಸಸ್ಯಾಹಾರಿಗಳು.

ಉತ್ತರ: ಹೋಗಬಹುದು, ಧಾರಾಳವಾಗಿ. ಆದರೆ ಪಟ್ಟಿಯಲ್ಲಿರುವುದನ್ನೆಲ್ಲ ಒಂದೇ ದಿನಕ್ಕೆ ತುರುಕಬೇಡಿ. ರೋಸೋ ಊರಿನ ಹಿಂದೆಯೇ ಒಂದು ಕಣಿವೆ ಇದೆ. ಜಲಪಾತ, ಬಿಸಿನೀರಿನ ಬುಗ್ಗೆ, ಕಾಡು, ಹಕ್ಕಿ ಎಲ್ಲ ಅದರೊಳಗೇ ಸಿಗುತ್ತವೆ. ಆ ದಿನವನ್ನು ಆ ಕಣಿವೆಗೇ ಕೊಡಿ. ದ್ವೀಪ ಚಿಕ್ಕದು, ಬರೀ 750 ಚದರ ಕಿ.ಮೀ. ಹಾಗಂತ ಒಂದು ಸುತ್ತು ಹಾಕಿಬಿಡೋಣ ಎಂದು ಹೊರಟವರು ಕಾಡಿಗಿಂತ ಜಾಸ್ತಿ ಹೊತ್ತು ವ್ಯಾನಿನ ಕಿಟಕಿಯನ್ನೇ ನೋಡಿಕೊಂಡು ವಾಪಸ್ ಬರುತ್ತಾರೆ. ಅಲ್ಲಿ ನೇರ ರಸ್ತೆ ಅಂತ ಇಲ್ಲವೇ ಇಲ್ಲ. ಎಲ್ಲ ತಿರುವು, ಎಲ್ಲ ಏರಿಳಿತ. 1447 ಮೀಟರ್ ಎತ್ತರದ ಬೆಟ್ಟ ಇರುವ ದ್ವೀಪ ಅದು.

ಮೊದಲು ಸಮಯದ ಲೆಕ್ಕ ನೋಡೋಣ. 8ರಿಂದ 5 ಅಂದರೆ ಒಂಬತ್ತು ಗಂಟೆ, ಅಲ್ವಾ? ಅಷ್ಟು ಸಿಗುವುದಿಲ್ಲ. ಹಡಗು ಕಟ್ಟಿ, ಅಲ್ಲಿಯ ಅಧಿಕಾರಿಗಳು ಒಪ್ಪಿಗೆ ಕೊಟ್ಟು, ಸಾಲಿನಲ್ಲಿ ನಿಂತು ನೀವು ಕೆಳಗೆ ಕಾಲಿಡುವಾಗ ಎಂಟೂವರೆ ದಾಟಿರುತ್ತದೆ. ಹಡಗು 5ಕ್ಕೆ ಹೊರಡುತ್ತದೆ ಅಂದರೆ ಸಾಮಾನ್ಯವಾಗಿ ನಾಲ್ಕೂವರೆಗೆ ಎಲ್ಲರೂ ಒಳಗಿರಬೇಕು. ನೀವು ಮೂರೂವರೆಗೇ ರೋಸೋಗೆ ಬಂದುಬಿಡಿ ಅನ್ನುವುದು ನನ್ನ ಮಾತು. ಬೆಟ್ಟದ ರಸ್ತೆಯಲ್ಲಿ ಒಂದು ಮರ ಬಿದ್ದರೂ ಸಾಕು, ಆ ಒಂದು ಗಂಟೆ ನಿಮ್ಮನ್ನು ಕಾಪಾಡುತ್ತದೆ. ಉಳಿಯುವುದು ಆರೂವರೆ ಗಂಟೆ. ಇನ್ನೊಂದು ವಿಷಯ. ಫೆಬ್ರವರಿಯಲ್ಲಿ ಡೊಮಿನಿಕಾ ನ್ಯೂಜೆರ್ಸಿಗಿಂತ ಒಂದು ಗಂಟೆ ಮುಂದೆ ಇರುತ್ತದೆ. ಸಾನ್ ಹ್ವಾನ್ ಮತ್ತು ಡೊಮಿನಿಕಾದ ಸಮಯ ಒಂದೇ. ಸಾನ್ ಹ್ವಾನ್‌ನಲ್ಲಿ ಇಳಿದ ಕೂಡಲೇ ಎಲ್ಲರ ಕೈಗಡಿಯಾರ ಸರಿಮಾಡಿಕೊಳ್ಳಿ, ಅತ್ತೆಯವರದ್ದೂ ಸೇರಿ. ಏರ್‌ಪ್ಲೇನ್ ಮೋಡ್‌ನಲ್ಲಿಟ್ಟ ಫೋನು ಹಳೇ ಸಮಯವನ್ನೇ ತೋರಿಸುತ್ತಿರಬಹುದು. ಹಡಗಿನ ಗಡಿಯಾರಕ್ಕೆ ಹೊಂದಿಸಿಕೊಂಡೇ ಕೆಳಗಿಳಿಯಿರಿ.

ಈಗ ಯಜಮಾನರ ಬಾಯ್ಲಿಂಗ್ ಲೇಕ್. ಅವರ ಆಸೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಭೂಮಿಯ ಮೇಲೆ ಅಂಥದ್ದು ತೀರಾ ಕಡಿಮೆ. ಜ್ವಾಲಾಮುಖಿಯ ಬಿಸಿ ಅನಿಲ ಹೊರಬರುವ ಬಾಯಿಯೇ ನೀರು ತುಂಬಿಕೊಂಡು ಕೆರೆಯಾಗಿದೆ. ಅಗಲ ಸುಮಾರು 60 ಮೀಟರ್. ಅಂಚಿನ ನೀರೇ 80ರಿಂದ 90 ಡಿಗ್ರಿ ಸೆಲ್ಸಿಯಸ್ ಬಿಸಿ, ನಡುವೆ ಕೊತಕೊತ ಕುದಿತ. ಆದರೆ ನಡೆದುಕೊಂಡು ಹೋಗಲು ಮೂರು ಗಂಟೆ ಬೇಕು, ಬರಲು ಮೂರು ಗಂಟೆ. ಇದು ಒಳ್ಳೆ ನಡಿಗೆಯವರ ಲೆಕ್ಕ. ಹೊರಡುವ ಜಾಗಕ್ಕೆ ಹೋಗಿ ಬರುವ ಹೊತ್ತು ಬೇರೆ. ದಾರಿ ತುಂಬ ಕೆಸರು, ಎತ್ತರದ ಮೆಟ್ಟಿಲು, ದಾಟಬೇಕಾದ ಹಳ್ಳಗಳು. ಕೊನೆಯ ಭಾಗದಲ್ಲಿ ವ್ಯಾಲಿ ಆಫ್ ಡೆಸೊಲೇಶನ್ ಎಂಬ ಹಬೆಯಾಡುವ ಬೋಳು ಜಾಗ ಬರುತ್ತದೆ. ಅಲ್ಲಿ ನೆಲದ ಪದರ ಕೆಲವು ಕಡೆ ತೆಳ್ಳಗಿದೆ. ಗೊತ್ತಿಲ್ಲದೆ ಕಾಲಿಟ್ಟರೆ ಸುಟ್ಟುಕೊಳ್ಳುತ್ತೀರಿ. ಗೈಡ್ ಇಲ್ಲದೆ ಹೋಗುವ ಜಾಗವಲ್ಲ, ಗಡಿಯಾರ ನೋಡಿಕೊಂಡು ಓಡುವ ಜಾಗವಂತೂ ಅಲ್ಲವೇ ಅಲ್ಲ. ನಾಲ್ಕೂವರೆಗೆ ಹಡಗು ಹತ್ತಬೇಕಾದವರು ಅದನ್ನು ಬಿಡಲೇಬೇಕು. ಈ ವಿಷಯದಲ್ಲಿ ನಾನು ಯಾರಿಗೂ ಸಡಿಲ ಕೊಡುವುದಿಲ್ಲ. ಮುಂದೆ ಎಂದಾದರೂ ದ್ವೀಪದಲ್ಲೇ ಎರಡು ರಾತ್ರಿ ಉಳಿಯುವ ಹಾಗೆ ಹೋಗಿ ನೋಡಲಿ.

ಅವರಿಗೆ ಬೇಜಾರಾಗುವುದು ಬೇಡ. ಬಾಯ್ಲಿಂಗ್ ಲೇಕ್ ದಾರಿ ಶುರುವಾಗುವ ಲೋಡಾ ಎಂಬ ಹಳ್ಳಿಯ ಹತ್ತಿರವೇ ಟೀಟೂ ಗಾರ್ಜ್ ಇದೆ. ನಿಮ್ಮ ದಿನ ಅಲ್ಲಿಂದಲೇ ಶುರುವಾಗಲಿ.

ಇದಕ್ಕೆ ಕಾರಣವಿದೆ. ಹಡಗಿನ ಬಸ್ಸು, ವ್ಯಾನುಗಳಲ್ಲಿ ಜಾಸ್ತಿಯವು ಬೆಳಿಗ್ಗೆ ನೇರ ಟ್ರಫಾಲ್ಗರ್ ಜಲಪಾತಕ್ಕೆ ಹೋಗುತ್ತವೆ. ಒಂಬತ್ತೂವರೆಯಿಂದ ಹನ್ನೊಂದರವರೆಗೆ ಅಲ್ಲಿಯ ಕಾಲುದಾರಿಯಲ್ಲಿ ಜನವೋ ಜನ. ನೀವು ಮೊದಲು ಕಣಿವೆಯ ಮೇಲ್ಗಡೆಗೆ ಹೋಗಿ, ಗುಂಪು ಕರಗಿದ ಮೇಲೆ ಕೆಳಗಿಳಿಯುತ್ತಾ ಬನ್ನಿ. ಇನ್ನೊಂದು ಲಾಭವೂ ಇದೆ. ಹೊತ್ತು ಕಳೆದಂತೆ ನೀವು ಹಡಗಿಗೆ ಹತ್ತಿರವಾಗುತ್ತಾ ಇರುತ್ತೀರಿ. ದೂರದ್ದು ಮೊದಲು, ಹತ್ತಿರದ್ದು ಕೊನೆಗೆ. ಯಾವ ದ್ವೀಪದಲ್ಲಿ ಇಳಿದರೂ ಇದನ್ನೇ ಪಾಲಿಸಿ.

ಟೀಟೂ ಅಂದರೆ ಎರಡು ಕರಿಬಂಡೆಗಳ ನಡುವಿನ ಆಳವಾದ ಇಕ್ಕಟ್ಟು. ಅದರಲ್ಲಿ ನೀರು ತುಂಬಿ ಹರಿಯುತ್ತದೆ. ನಡೆಯಲು ಆಗುವುದಿಲ್ಲ, ಈಜಿಕೊಂಡೇ ಒಳಗೆ ಹೋಗಬೇಕು. ಗೋಡೆಗಳು ಅಲೆಯಲೆಯಾಗಿ ಬಾಗಿ ತಲೆಯ ಮೇಲೆ ಹೆಚ್ಚುಕಡಿಮೆ ಮುಚ್ಚಿಕೊಂಡಿವೆ. ಸಂದಿಯಿಂದ ಒಂದು ಗೀಟು ಬೆಳಕು, ಅಂಚಿನಲ್ಲಿ ಜರೀಗಿಡ, ಕೊನೆಯಲ್ಲಿ ಚಿಕ್ಕದೊಂದು ಜಲಪಾತ. ನೀರು ಜುಮ್ ಅನ್ನುವಷ್ಟು ತಣ್ಣಗೆ. ಹೊರಗೆ ಬಾಯಿಯ ಪಕ್ಕದಲ್ಲೇ ಬಿಸಿನೀರು ಸಣ್ಣಗೆ ಸುರಿಯುತ್ತದೆ, ನಡುಗುತ್ತಾ ಬಂದವರು ಅದರ ಕೆಳಗೆ ನಿಂತುಕೊಳ್ಳುತ್ತಾರೆ. ಲೈಫ್ ಜಾಕೆಟ್ ಬಾಡಿಗೆಗೆ ಸಿಗುತ್ತದೆ. ಈಜು ಬಂದರೂ ಹಾಕಿಕೊಳ್ಳಿ, ಮಗಳಿಗಂತೂ ಬೇಕೇ ಬೇಕು. ಅತ್ತೆಯವರು ಹೊರಗೆ ಕೂತಿರಬಹುದು. ನಿಮ್ಮ ಈಜು ಅರ್ಧ ಗಂಟೆಯೊಳಗೆ ಮುಗಿಯುತ್ತದೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ರೋಸೋದಲ್ಲಿ ಬಿಸಿಲಿದೆ ಅಂತ ಮೇಲೂ ಬಿಸಿಲಿದೆ ಅಂದುಕೊಳ್ಳಬೇಡಿ. ಗಾಳಿ ಪೂರ್ವದ ಸಮುದ್ರದಿಂದ ಬೀಸಿ, ನಡುವಿನ ಬೆಟ್ಟಕ್ಕೆ ಗುದ್ದಿ, ಅಲ್ಲೇ ಮಳೆ ಸುರಿಸುತ್ತದೆ. ರೋಸೋ ಇರುವುದು ಪಶ್ಚಿಮದ ಮರೆಯಲ್ಲಿ. ಕೆಳಗೆ ಒಣಬಿಸಿಲು ಇರುವಾಗಲೇ ಮೇಲೆ ಧೋ ಎಂದು ಸುರಿಯುತ್ತಿರಬಹುದು. ಅಂಥ ಇಕ್ಕಟ್ಟಿನಲ್ಲಿ ನೀರು ಏರಿದರೆ ಪಕ್ಕಕ್ಕೆ ಸರಿಯಲು ಜಾಗವೇ ಇರುವುದಿಲ್ಲ. ನೀರು ಕೆಂಪಾಗಿದ್ದರೆ, ಕಸಕಡ್ಡಿ ತೇಲಿ ಬರುತ್ತಿದ್ದರೆ, ಇಲ್ಲವೇ ಅಲ್ಲಿಯ ಗೈಡ್ ಇವತ್ತು ಬೇಡ ಅಂದರೆ ಮರುಮಾತಿಲ್ಲದೆ ವಾಪಸ್ ತಿರುಗಿ. ಅಂಥ ದಿನ ಲೋಡಾದಿಂದ ಇನ್ನೂ ಮೇಲೆ, ಫ್ರೆಶ್‌ವಾಟರ್ ಲೇಕ್‌ವರೆಗೆ ಕಾರಿನಲ್ಲೇ ಹೋಗಿಬನ್ನಿ. ಬೆಟ್ಟದ ಮೇಲಿನ ದೊಡ್ಡ ಕೆರೆ, ಮಂಜು, ಕುಳ್ಳ ಮರಗಳು, ಪಾಚಿ. ಅತ್ತೆಯವರಿಗೂ ನಡಿಗೆಯ ಕಷ್ಟ ಇಲ್ಲ. ಈ ಎಲ್ಲ ಜಾಗ ಮಾರ್ನ್ ಟ್ರ್ವಾ ಪಿಟಾನ್ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದು ಅಥವಾ ಅದರ ಅಂಚಿನಲ್ಲಿರುವುದು. 1997ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆ ತಾಣ ಎಂದು ಘೋಷಿಸಿತು.

ಹನ್ನೊಂದರ ಮೇಲೆ ಟ್ರಫಾಲ್ಗರ್‌ಗೆ ಇಳಿಯಿರಿ. ರೋಸೋದಿಂದ ನೇರ ಹೋದರೂ ಅಲ್ಲಿಗೆ ಇಪ್ಪತ್ತು ನಿಮಿಷದ ದಾರಿ ಅಷ್ಟೇ. ಟಿಕೆಟ್ ಕೊಡುವ ಕಟ್ಟಡದಿಂದ ನೋಡುವ ಕಟ್ಟೆಯವರೆಗೆ ಹತ್ತು ಹದಿನೈದು ನಿಮಿಷ ನಡೆಯಬೇಕು. ಅಲ್ಲಲ್ಲಿ ಮೆಟ್ಟಿಲಿದೆ, ಒದ್ದೆ ಇರುತ್ತದೆ. ಅತ್ತೆಯವರು ಕೋಲು ಹಿಡಿದು, ನಿಮ್ಮ ಕೈ ಹಿಡಿದು ನಿಧಾನವಾಗಿ ಬರಬಹುದು. ಕಟ್ಟೆಯ ಮೇಲಿಂದಲೇ ಎರಡೂ ಜಲಪಾತ ಪೂರ್ತಿ ಕಾಣುತ್ತವೆ. ಎತ್ತರದ್ದನ್ನು ಅಲ್ಲಿಯವರು ಅಪ್ಪ ಅನ್ನುತ್ತಾರೆ, ಪಕ್ಕದ್ದನ್ನು ಅಮ್ಮ. ಅಪ್ಪನ ಬುಡದ ಕಡೆ ಬಂಡೆಗಳು ಕಿತ್ತಳೆ ಬಣ್ಣಕ್ಕೆ ತಿರುಗಿರುವುದನ್ನು ಮಗಳಿಗೆ ತೋರಿಸಿ. ಭೂಮಿಯೊಳಗಿನಿಂದ ಬರುವ ಖನಿಜದ ಬಿಸಿನೀರು ಹರಿದು ಹರಿದು ಆದ ಕಲೆ ಅದು. ಕಟ್ಟೆಯಿಂದ ಮುಂದೆ ಬಂಡೆ ಹತ್ತಿ ಇಳಿದು ಕೊಳಗಳಿಗೆ ಹೋಗುವವರಿದ್ದಾರೆ. ಯಜಮಾನರು ಗೈಡ್ ಜೊತೆ ಹೋದರೆ ಹೋಗಲಿ. ಬಂಡೆ ತುಂಬಾ ಜಾರುತ್ತದೆ, ಕಾಲು ಮುರಿದುಕೊಳ್ಳಲು ಒಂದು ಹೆಜ್ಜೆ ಸಾಕು.

ನಿಮಗೆ ಹಕ್ಕಿ ಬೇಕು ಅಂದಿರಿ. ಈ ದಾರಿಯಲ್ಲಿ ಅವಸರ ಮಾಡಬೇಡಿ. ಪಕ್ಕದಲ್ಲಿ ಹೆಲಿಕೋನಿಯಾ ಗಿಡ ಬೇಕಾದಷ್ಟಿದೆ. ಬಾಳೆಯಂಥ ಎಲೆ, ಕೆಂಪು ಹಳದಿಯ ದೋಣಿ ದೋಣಿ ಹೂಗೊಂಚಲು. ನಮ್ಮ ಕಡೆ ತೋಟಗಳಲ್ಲೂ ಬೆಳೆಸುತ್ತಾರೆ, ನೋಡಿರುತ್ತೀರಿ. ಒಂದು ಗೊಂಚಲಿನ ಹತ್ತಿರ ಸುಮ್ನೆ ಐದು ನಿಮಿಷ ನಿಲ್ಲಿ. ಗೊರ್ ಅಂತ ಸಣ್ಣ ಸದ್ದು ಮೊದಲು ಕೇಳಿಸುತ್ತದೆ, ಆಮೇಲೆ ಹಮ್ಮಿಂಗ್‌ಬರ್ಡ್ ಕಾಣಿಸುತ್ತದೆ. ನಮ್ಮ ಸೂರಕ್ಕಿ ಸಾಮಾನ್ಯವಾಗಿ ಹೂವಿನ ಪಕ್ಕ ಕೂತು ಮಕರಂದ ಹೀರುತ್ತದೆ. ಇದು ಗಾಳಿಯಲ್ಲೇ ನಿಂತು ಹೀರುತ್ತದೆ. ಈ ದ್ವೀಪದಲ್ಲಿ ನಾಲ್ಕು ಬಗೆ ಇವೆ. ಅವುಗಳಲ್ಲಿ ನೀಲಿತಲೆಯದು ಇಡೀ ಜಗತ್ತಿನಲ್ಲಿ ಡೊಮಿನಿಕಾ ಮತ್ತು ಪಕ್ಕದ ಮಾರ್ಟಿನಿಕ್‌ನಲ್ಲಿ ಮಾತ್ರ ಇದೆ. ಕಪ್ಪು ಮೈ, ನೇರಳೆ ಕುತ್ತಿಗೆ, ಹಸಿರು ರೆಕ್ಕೆಯ ದೊಡ್ಡದೊಂದು ಕಂಡರೆ ಅದರ ಕೊಕ್ಕನ್ನು ಗಮನಿಸಿ. ಈ ಜಾತಿಯಲ್ಲಿ ಹೆಣ್ಣಿನ ಕೊಕ್ಕು ಗಂಡಿಗಿಂತ ಉದ್ದ, ಬಾಗೂ ಜಾಸ್ತಿ. ಗಂಡು ಒಂದು ಬಗೆಯ ಹೆಲಿಕೋನಿಯಾಕ್ಕೆ ಹೋದರೆ ಹೆಣ್ಣು ಉದ್ದ ಬಾಗಿದ ಹೂವಿರುವ ಇನ್ನೊಂದು ಬಗೆಗೆ ಹೋಗುತ್ತದೆ. ಹೂವಿನ ಆಕಾರ, ಕೊಕ್ಕಿನ ಆಕಾರ ಒಂದಕ್ಕೊಂದು ಹೊಂದಿಕೊಂಡಿವೆ. ಡೊಮಿನಿಕಾ ಮತ್ತು ಸೇಂಟ್ ಲೂಸಿಯಾದಲ್ಲಿ ವಿಜ್ಞಾನಿಗಳು ಇದನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಮಗಳ ಕೈಗೆ ಬೈನಾಕ್ಯುಲರ್ ಕೊಡಿ, ಗಂಡೋ ಹೆಣ್ಣೋ ಅವಳೇ ಹೇಳಲಿ.

ಸಿಸೆರೂ ಗಿಳಿ ನೋಡುವ ಆಸೆ ಇದ್ದರೆ ಈ ಸಲಕ್ಕೆ ಬಿಟ್ಟುಬಿಡಿ. ದೇಶದ ಬಾವುಟದ ನಡುವೆ ಇರುವ ನೇರಳೆ ಎದೆಯ ಗಿಳಿ ಅದು, ಈ ದ್ವೀಪ ಬಿಟ್ಟು ಬೇರೆಲ್ಲೂ ಇಲ್ಲ. 2017ರ ಸೆಪ್ಟೆಂಬರ್ 18ರಂದು ಮರಿಯಾ ಚಂಡಮಾರುತ ಬಂದು ಇಡೀ ಕಾಡಿನ ಎಲೆ ಉದುರಿಸಿ ಹೋಯಿತು. ಮೊದಲೇ ಕಡಿಮೆ ಇದ್ದ ಗಿಳಿಗಳು ಇನ್ನೂ ಕಡಿಮೆಯಾದವು. ಈಗ ಅದು ಅಳಿವಿನ ತುತ್ತತುದಿಯಲ್ಲಿದೆ. ಹೆಚ್ಚಾಗಿ ಇರುವುದು ಉತ್ತರದ ಡಯಾಬ್ಲೊಟಿನ್ ಬೆಟ್ಟದ ಕಾಡಿನಲ್ಲಿ. ರೋಸೋದಿಂದ ಅಲ್ಲಿಗೆ ಹೋಗಿ ಬರುವುದರಲ್ಲೇ ದಿನದ ದೊಡ್ಡ ಪಾಲು ಮುಗಿಯುತ್ತದೆ. ಕಣಿವೆಯಲ್ಲೇ ಗಿಳಿ ತೋರಿಸುತ್ತೇನೆ ಎಂದು ಯಾರಾದರೂ ಮಾತು ಕೊಟ್ಟರೆ ಅವರ ಗಾಡಿ ಹತ್ತಬೇಡಿ.

ಮೂರನೆಯ ನಿಲ್ದಾಣ ಅತ್ತೆಯವರಿಗಾಗಿ. ಟ್ರಫಾಲ್ಗರ್‌ನ ಹತ್ತಿರದ ಹಳ್ಳಿ ವಾಟನ್ ವೇವನ್. ಊರಿನ ತುಂಬ ಗಂಧಕದ ವಾಸನೆ. ನೆಲದಿಂದ ಹಬೆ ಏಳುತ್ತಿರುತ್ತದೆ. ಬುಗ್ಗೆಯ ಬಿಸಿನೀರನ್ನು ತೊಟ್ಟಿಗಳಿಗೆ ತಿರುಗಿಸಿ, ದುಡ್ಡು ತೆಗೆದುಕೊಂಡು ಕೂರಿಸುವ ಚಿಕ್ಕ ಚಿಕ್ಕ ಜಾಗಗಳಿವೆ. ನಡೆಯುವುದು ಕಡಿಮೆ, ಮಂಡಿಗೆ ಹಿತ. ಅವರಿಗೆ ಬಿಪಿ ಅಥವಾ ಹೃದಯದ ತೊಂದರೆ ಇದ್ದರೆ ಹೊರಡುವ ಮೊದಲೇ ಡಾಕ್ಟರನ್ನು ಕೇಳಿಕೊಳ್ಳಿ. ಇಲ್ಲದಿದ್ದರೂ ಒಂದು ಸಲಕ್ಕೆ ಹತ್ತು ನಿಮಿಷ ಸಾಕು, ಮಧ್ಯೆ ಮಧ್ಯೆ ನೀರು ಕುಡಿಯಲಿ. ಬೆಳ್ಳಿಯ ಕಾಲುಂಗುರ, ಗೆಜ್ಜೆ, ಉಡಿದಾರ ಏನಿದ್ದರೂ ಹಡಗಿನಲ್ಲೇ ತೆಗೆದಿಟ್ಟು ಬನ್ನಿ, ನೀವು ಕೂಡ. ಗಂಧಕದ ನೀರಿಗೆ ಬೆಳ್ಳಿ ಕರ್ರಗಾಗುತ್ತದೆ. ತಿಳಿ ಬಣ್ಣದ ಒಳ್ಳೆ ಬಟ್ಟೆಯೂ ಬೇಡ. ಅತ್ತೆಯವರಿಗೆ ಹಾವಿನ ಭಯ ಇದ್ದರೆ ಧೈರ್ಯ ಹೇಳಿ, ಡೊಮಿನಿಕಾದಲ್ಲಿ ವಿಷದ ಹಾವೇ ಇಲ್ಲ.

ಊಟ ಈ ಕಣಿವೆಯಲ್ಲೇ ಆಗಲಿ, ಅಥವಾ ರೋಸೋಗೆ ಬಂದು ಮಾಡಿ. ಸಸ್ಯಾಹಾರಿಗಳು ಅಲ್ಲಿ ಐಟಲ್ ಊಟ ಎಲ್ಲಿ ಸಿಗುತ್ತದೆ ಎಂದು ಕೇಳಬೇಕು. ರಾಸ್ತಫಾರಿ ಪಂಥದವರ ಅಡುಗೆ ಅದು, ಮಾಂಸ ಇರುವುದಿಲ್ಲ, ಎಷ್ಟೋ ಕಡೆ ಉಪ್ಪೂ ಇರುವುದಿಲ್ಲ. ಬೇಳೆಕಾಳು, ಬಾಳೆಕಾಯಿ, ಗೆಡ್ಡೆ, ದೀವಿಹಲಸು, ಹೀಗೆ ಅತ್ತೆಯವರಿಗೆ ಗುರುತು ಸಿಗುವ ಪದಾರ್ಥಗಳೇ. ಕ್ಯಾಲಲೂ ಅಂತ ಒಂದು ಹಸಿರು ಸೂಪು ಅಲ್ಲಿಯ ರಾಷ್ಟ್ರೀಯ ಖಾದ್ಯ. ಮಾಡುವುದು ನಮ್ಮ ಕೆಸುವಿನ ಜಾತಿಯ ಎಲೆಯಿಂದಲೇ. ಆದರೆ ಏಡಿಯೋ ಉಪ್ಪು ಹಾಕಿದ ಮಾಂಸವೋ ಹಾಕಿರುವುದು ಸಾಮಾನ್ಯ, ಕೇಳದೆ ಬಾಯಿಗಿಡಬೇಡಿ. ಹಡಗಿನಿಂದ ಹಣ್ಣು, ಊಟ ಕಟ್ಟಿಕೊಂಡು ಇಳಿಯಲು ಹೋಗಬೇಡಿ. ಕೃಷಿ ರೋಗಗಳ ಭಯಕ್ಕೆ ದ್ವೀಪದವರು ಬಿಡುವುದಿಲ್ಲ. ಪ್ಯಾಕೆಟ್ಟಿನ ಬಿಸ್ಕೆಟ್ ಇಟ್ಟುಕೊಳ್ಳಿ.

ಇನ್ನು ಮಗಳ ತಿಮಿಂಗಿಲ. ಇದನ್ನು ತಳ್ಳಿಹಾಕಲು ನನಗೆ ಮನಸ್ಸು ಬರುತ್ತಿಲ್ಲ. ಸ್ಪರ್ಮ್ ತಿಮಿಂಗಿಲಗಳು ವರ್ಷವಿಡೀ ಸಿಗುವ ಕಡಲು ಅದು. ಫೆಬ್ರವರಿ ಒಳ್ಳೆ ಕಾಲ. ದ್ವೀಪದ ಅಂಚು ನೀರೊಳಗೆ ಕಡಿದಾಗಿ ಇಳಿಯುವುದರಿಂದ ದಡದ ಹತ್ತಿರವೇ ಭಾರೀ ಆಳ ಇದೆ. ಅಜ್ಜಿ, ತಾಯಿ, ಮಗಳು, ಮರಿಗಳು ಹೀಗೆ ಹೆಣ್ಣುಗಳ ಕುಟುಂಬಗಳು ಅಲ್ಲೇ ಓಡಾಡಿಕೊಂಡಿರುತ್ತವೆ. ತಾಯಿ ಆಳಕ್ಕೆ ಬೇಟೆಗೆ ಹೋದಾಗ ಮರಿಯ ಜೊತೆ ಮೇಲೆ ಇನ್ನೊಂದು ಹೆಣ್ಣು ಕಾವಲಿರುತ್ತದೆ. 2005ರಿಂದ ಇಲ್ಲಿ ಒಂದೊಂದು ಕುಟುಂಬವನ್ನೂ ಗುರುತಿಟ್ಟು ಅಧ್ಯಯನ ಮಾಡುತ್ತಿದ್ದಾರೆ. 2023ರ ನವೆಂಬರ್‌ನಲ್ಲಿ ಸರ್ಕಾರ ಸುಮಾರು 800 ಚದರ ಕಿ.ಮೀ. ಕಡಲನ್ನು ಇವುಗಳಿಗೆಂದೇ ಮೀಸಲು ಎಂದು ಘೋಷಿಸಿತು. ದೋಣಿಯವರು ನೀರಿಗೆ ಮೈಕು ಇಳಿಸಿ ಅವುಗಳ ಟಕ್ ಟಕ್ ಸದ್ದು ಕೇಳಿ ಹುಡುಕುತ್ತಾರೆ. ಈ ತಿಮಿಂಗಿಲದ ಮೂಗು ತಲೆಯ ಮುಂದೆ ಎಡಗಡೆ ಇದೆ. ಹಾಗಾಗಿ ಅದು ಉಸಿರು ಬಿಟ್ಟಾಗ ನೀರಿನ ತುಂತುರು ನೆಟ್ಟಗೆ ಏಳದೆ ಮುಂದಕ್ಕೆ, ಎಡಕ್ಕೆ ವಾಲಿ ಚಿಮ್ಮುತ್ತದೆ. ದೂರದಿಂದಲೇ ಗುರುತು ಹಿಡಿಯಬಹುದು.

ಕಷ್ಟ ಏನೆಂದರೆ ಇದಕ್ಕೆ ಮೂರರಿಂದ ನಾಲ್ಕು ಗಂಟೆ ಬೇಕು. ತಿಮಿಂಗಿಲ ಒಮ್ಮೆ ಮುಳುಗಿದರೆ ಮುಕ್ಕಾಲು ಗಂಟೆ ನೀರಿನ ಮೇಲಕ್ಕೆ ಬರುವುದಿಲ್ಲ. ಕಾಣುತ್ತದೆ ಅಂತ ಯಾರೂ ಬರೆದುಕೊಡಲಾರರು. ಅತ್ತೆಯವರನ್ನು ಅಷ್ಟು ಹೊತ್ತು ಅಲೆಯ ಮೇಲೆ ಕೂರಿಸುವುದು ನನಗೆ ಸರಿ ಕಾಣುತ್ತಿಲ್ಲ. ಮಗಳ ಜೀವವೆಲ್ಲ ತಿಮಿಂಗಿಲದ ಮೇಲೇ ಇದ್ದರೆ ಮನೆಯವರು ಎರಡು ಗುಂಪಾಗಿ. ಅಪ್ಪ ಮಗಳು ಬೆಳಿಗ್ಗೆ ದೋಣಿಗೆ, ನೀವು ಅತ್ತೆ ಕಣಿವೆಗೆ. ಆಗ ದೋಣಿಯ ಟಿಕೆಟ್ಟನ್ನು ಮಾತ್ರ ಹಡಗಿನವರಿಂದಲೇ ಕೊಳ್ಳಿ. ದೋಣಿಯವರು ಹತ್ತಿರ ಹೋಗಲಿಲ್ಲ ಎಂದು ಒತ್ತಾಯ ಮಾಡಬಾರದು ಅನ್ನುವುದನ್ನು ಮಗಳಿಗೆ ಮೊದಲೇ ಹೇಳಿರಿ. ಮರಿಗಳಿರುವ ಗುಂಪು ಅದು.

ಹಡಗಿನ ಟೂರೋ ಟ್ಯಾಕ್ಸಿಯೋ ಅನ್ನುವ ನಿಮ್ಮ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಹಡಗಿನವರೇ ಮಾರಿದ ಟೂರ್ ತಡವಾದರೆ ಹಡಗು ಕಾಯುತ್ತದೆ. ನಿಮ್ಮ ಟ್ಯಾಕ್ಸಿ ತಡವಾದರೆ ಕಾಯುವುದಿಲ್ಲ. ಕಡಲಿಗೆ ಹೋಗುವುದಾದರೆ, ಒಂದು ಗಂಟೆಗಿಂತ ದೂರದ ಜಾಗವಾದರೆ ಹಡಗಿನ ಟೂರ್ ತೆಗೆದುಕೊಳ್ಳಿ. ಅರ್ಧ ಗಂಟೆಯ ಕಣಿವೆಗೆ ಟ್ಯಾಕ್ಸಿ ಸಾಕು. ನಾಲ್ಕು ಜನಕ್ಕೆ ದುಡ್ಡೂ ಉಳಿಯುತ್ತದೆ, ಅತ್ತೆಯವರ ನಡಿಗೆಗೆ ತಕ್ಕಂತೆ ನಿಲ್ಲಲೂ ಆಗುತ್ತದೆ. ಸಾಧ್ಯವಾದರೆ ಮೊದಲೇ ಬುಕ್ ಮಾಡಿ, ಗೈಡ್ ಕೆಲಸವನ್ನೂ ಮಾಡುವ ಡ್ರೈವರ್ ಬೇಕು ಅನ್ನಿ. ಇಳಿದ ಮೇಲೆ ಹಿಡಿಯುವುದಾದರೆ ಮೂರು ವಿಷಯ ಬಾಯಿಬಿಟ್ಟು ಕೇಳಿ. ರೇಟು ಗಾಡಿಗೋ ತಲೆಗೋ? ಕಾಯುವುದು ಸೇರಿದೆಯೋ? ಯಾವ ಡಾಲರ್? ಅಲ್ಲಿಯ ಪೂರ್ವ ಕೆರಿಬಿಯನ್ ಡಾಲರ್ 2.70 ಕೊಟ್ಟರೆ ಒಂದು ಅಮೆರಿಕನ್ ಡಾಲರ್. ಬರೀ ಡಾಲರ್ ಅಂತ ಮಾತಾಡಿ ಕೊನೆಗೆ ಜಗಳವಾಗುವುದು ಬೇಡ. ಜಾಗದ ಪ್ರವೇಶ ಪಾಸು ಟ್ಯಾಕ್ಸಿ ರೇಟಿನಲ್ಲಿ ಸೇರಿರುವುದಿಲ್ಲ. ಅದಕ್ಕೆ, ಲೈಫ್ ಜಾಕೆಟ್ಟಿಗೆ, ಗೈಡಿನ ಟಿಪ್ಸಿಗೆ ಅಮೆರಿಕನ್ ಡಾಲರಿನ ಚಿಲ್ಲರೆ ನೋಟು ಇಟ್ಟುಕೊಳ್ಳಿ.

ಬಟ್ಟೆಯ ವಿಷಯದಲ್ಲಿ ಒಂದೇ ಎಚ್ಚರಿಕೆ. ಸೈನ್ಯದವರ ಹಸಿರು ಮಚ್ಚೆಯ ಬಟ್ಟೆ, ಟೋಪಿ, ಚೀಲ ಯಾವುದೂ ಬೇಡ. ಡೊಮಿನಿಕಾದಲ್ಲಿ ಸಾಮಾನ್ಯ ಜನ ಅದನ್ನು ಹಾಕುವುದು ಕಾನೂನಿಗೆ ವಿರುದ್ಧ, ಮಕ್ಕಳಿಗೂ ಅನ್ವಯ. ಉಳಿದಂತೆ ಹಿಡಿತ ಇರುವ ಶೂ, ಬೇಗ ಒಣಗುವ ಬಟ್ಟೆ, ತೆಳ್ಳನೆಯ ರೇನ್‌ಕೋಟ್. ಚಪ್ಪಲಿಯಲ್ಲಿ ಬರಬೇಡಿ.

ಎರಡೂವರೆಗೆ ರೋಸೋಗೆ ಬಂದರೆ ಒಂದು ಗಂಟೆ ಕೈಯಲ್ಲಿರುತ್ತದೆ. ಊರೊಳಗಿನ ಬಟಾನಿಕಲ್ ಗಾರ್ಡನ್‌ಗೆ ಹೋಗಿ. 1979ರ ಡೇವಿಡ್ ಚಂಡಮಾರುತದಲ್ಲಿ ಆಫ್ರಿಕಾದ ಬಾವೊಬಾಬ್ ಮರವೊಂದು ಖಾಲಿ ನಿಂತಿದ್ದ ಬಸ್ಸಿನ ಮೇಲೆ ಬಿತ್ತು. ಬಸ್ಸು ಅಪ್ಪಚ್ಚಿಯಾಯಿತು. ಮರ ಸಾಯಲಿಲ್ಲ, ಬಿದ್ದಲ್ಲಿಂದಲೇ ಮತ್ತೆ ಚಿಗುರಿತು. ಎರಡನ್ನೂ ಹಾಗೇ ಉಳಿಸಿದ್ದಾರೆ. ಸವಣೂರಿನ ಮಠದ ದೊಡ್ಡಹುಣಸೆ ಮರಗಳನ್ನು ಅತ್ತೆಯವರು ನೋಡಿದ್ದರೆ ಅದೇ ಜಾತಿ ಎಂದು ಹೇಳಿ. ಅಪ್ಪ ಮಗಳಿಗೆ ಇನ್ನೂ ನೀರಿನ ಆಸೆ ಇದ್ದು, ಎಲ್ಲರೂ ಒಂದೂವರೆಗೇ ಕಣಿವೆ ಬಿಟ್ಟಿದ್ದರೆ, ದಕ್ಷಿಣಕ್ಕೆ ಕಾಲು ಗಂಟೆ ದೂರದ ಶಾಂಪೇನ್ ರೀಫ್‌ನಲ್ಲಿ ಸ್ನಾರ್ಕಲ್ ಮಾಡಬಹುದು, ಅಂದರೆ ಉಸಿರುಕೊಳವೆ ಕಚ್ಚಿಕೊಂಡು ನೀರಿನೊಳಗೆ ನೋಡುತ್ತಾ ಈಜಬಹುದು. ಸಮುದ್ರದ ತಳದಿಂದ ಜ್ವಾಲಾಮುಖಿಯ ಅನಿಲ ಗುಳ್ಳೆಗುಳ್ಳೆಯಾಗಿ ಏಳುತ್ತಿರುತ್ತದೆ. ತುಂಬು ತೋಳಿನ ಈಜುಬಟ್ಟೆ ಹಾಕಿಕೊಂಡರೆ ಸನ್‌ಸ್ಕ್ರೀನ್ ಬಳಿದುಕೊಳ್ಳುವುದು ಕಡಿಮೆಯಾಗುತ್ತದೆ, ಹವಳಕ್ಕೆ ಒಳ್ಳೆಯದು.

ಇದೆಲ್ಲದಕ್ಕೂ ಮೊದಲು ಹಡಗು ಎಲ್ಲಿ ನಿಲ್ಲುತ್ತದೆ ಎಂದು ಕಂಪನಿಯವರಿಂದ ಖಚಿತ ಮಾಡಿಕೊಳ್ಳಿ. ರೋಸೋ ಊರೆದುರಿನ ಕಟ್ಟೆಯಾದರೆ ಸರಿ. ಸ್ವಲ್ಪ ಉತ್ತರದ ವುಡ್‌ಬ್ರಿಜ್ ಬೇ ಆದರೂ ಯೋಜನೆ ಬದಲಾಗುವುದಿಲ್ಲ, ಊರಿಗೆ ಸ್ವಲ್ಪ ದೂರ ಅಷ್ಟೆ. ಆದರೆ ಕೆಲವು ಹಡಗುಗಳು ಉತ್ತರ ತುದಿಯ ಪೋರ್ಟ್ಸ್‌ಮತ್‌ಗೆ ಹೋಗುತ್ತವೆ. ಹಾಗೇನಾದರೂ ಆದರೆ ರೋಸೋ ಕಣಿವೆಯನ್ನು ಮರೆತುಬಿಡಿ, ಹೋಗಿ ಬರುವುದರಲ್ಲೇ ದಿನ ಮುಗಿಯುತ್ತದೆ. ಅಲ್ಲಿ ಇಂಡಿಯನ್ ರಿವರ್‌ನಲ್ಲಿ ದೋಣಿ ಹತ್ತಿ. ಮೋಟಾರು ಹಾಕುವಂತಿಲ್ಲ, ಹುಟ್ಟು ಹಾಕಿಕೊಂಡೇ ಹೋಗುತ್ತಾರೆ. ಎರಡೂ ದಡದಲ್ಲಿ ನಮ್ಮ ಹೊನ್ನೆ ಮರದ ಕುಲದ್ದೇ ಆದ ಮರಗಳು ಹಲಗೆಯಂಥ ಬೇರು ಚಾಚಿ ನಿಂತಿರುತ್ತವೆ. ಅತ್ತೆಯವರು ಒಂದು ಹೆಜ್ಜೆ ನಡೆಯದೆಯೇ ಕಾಡಿನೊಳಗೆ ಹೋಗಿಬರಬಹುದು.